ಆಯುಧಪೂಜೆಯೊಳಗೆ ಸೌದೆ ದರ

ಬಾಡಿಗೆ ಏರಿಸುವ ಮಾಲೀಕರೆಲ್ಲ ಕಲ್ಲು ಮನಸ್ಸಿನವರು ಎಂಬ ಅಭಿಪ್ರಾಯವನ್ನು ನಾನು ಬಾಡಿಗೆ ಮನೆಯಲ್ಲಿದ್ದಷ್ಟು ಕಾಲವೂ ಜತನವಾಗಿ ಇಟ್ಟುಕೊಂಡಿದ್ದೆ. ಈಗ ದೊಡ್ಡಬಳ್ಳಾಪುರದಲ್ಲಿ ನಾನೇ ನಾಲ್ಕು ಪುಟ್ಟ ಬಾಡಿಗೆ ಮನೆಗಳ ಮಾಲೀಕ. ಏರಿಸುವುದಕ್ಕೆ ಬೇಕಾದದ್ದು ಕಲ್ಲು ಮನಸ್ಸಲ್ಲ, ಗಂಟಲು ಎಂಬುದು ಈಗ ತಿಳಿದಿದೆ. ಆ ಗಂಟಲನ್ನು ದೇವರು ನನಗೆ ಕೊಟ್ಟಿಲ್ಲ. ತರಕಾರಿಯವನು ತೂಕದಲ್ಲಿ ಕಣ್ಣೆದುರೇ ಮೋಸ ಮಾಡಿದರೂ "ಪರವಾಗಿಲ್ಲ ಬಿಡಪ್ಪ" ಎಂದು ಅವನಿಗೇ ಸಮಾಧಾನ ಹೇಳಿ ಬರುವವನು ನಾನು. ನನ್ನ ಹೆಂಡತಿ ಗಿರಿಜಾ ಅದಕ್ಕೇ ನನ್ನನ್ನು ಮಾರುಕಟ್ಟೆಗೆ ಕಳಿಸುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಾವಿರುವುದು ಕೆಳಗೆ, ಆ ನಾಲ್ಕು ಮನೆಗಳಿರುವುದು ಮಹಡಿಯ ಮೇಲೆ; ಅಲ್ಲಿರುವವರೆಲ್ಲ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ದುಡಿಯುವವರು. ಹಿತ್ತಲಲ್ಲಿ ಒಂದು ಸೌದೆ ಬಾಯ್ಲರ್ ಇದೆ. ಎಲ್ಲರ ಸ್ನಾನದ ಬಿಸಿನೀರೂ ಅದರಿಂದಲೇ. ತಾರಸಿಯ ಮೇಲೆ ಸೋಲಾರ್ ಹಾಕಿಸಿ ನೋಡಿದ್ದೂ ಆಯಿತು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಅದರ ಪೈಪುಗಳೆಲ್ಲ ಸುಣ್ಣಗಟ್ಟಿ ಕೆಲಸ ನಿಲ್ಲಿಸಿದವು. ಈಗ ಗಿರಿಜಾ ಅದರ ಮೇಲೆ ಸಂಡಿಗೆ ಒಣಗಿಸುತ್ತಾಳೆ, ಬಹಳ ಚೆನ್ನಾಗಿ ಒಣಗುತ್ತದೆ. ತಾಲ್ಲೂಕು ಕಚೇರಿಯ ಗುಮಾಸ್ತಗಿರಿಯಿಂದ ನಿವೃತ್ತನಾದ ಮೇಲೆ ಬಾಯ್ಲರ್ ಹೊತ್ತಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಬೆಳಗಿನ ಜಾವ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತರೆ ಒಬ್ಬೊಬ್ಬರೇ ಬಕೆಟ್ ಹಿಡಿದು ಬರುತ್ತಾರೆ. ಯಾವ ಸೂಪರ್‌ವೈಸರ್ ಯಾರ ಮೇಲೆ ರೇಗಿದ, ತೂಬಗೆರೆ ಕಡೆ ಮಳೆ ಹೇಗಿದೆ, ಯಾರ ಮಗುವಿಗೆ ಹಲ್ಲು ಬಂತು, ಎಲ್ಲ ಸುದ್ದಿಯೂ ನನಗೆ ಪೇಪರಿಗಿಂತ ಮೊದಲೇ ಸಿಗುತ್ತದೆ. ಪಿಂಚಣಿದಾರನೊಬ್ಬನಿಗೆ ಬೆಳಗಾಗುತ್ತಲೇ ಇಷ್ಟು ಜನ ಮಾತಿಗೆ ಸಿಗುವುದು ಸಣ್ಣ ಭಾಗ್ಯವಲ್ಲ.

ಈ ವರ್ಷ ಸೌದೆಯ ಬೆಲೆ ಏರಿತು, ಇನ್ನೊಂದು ಸಲ ಏರಿತು. ಬಾಡಿಗೆಯ ಜೊತೆ ಅವರು ಕೊಡುವ ಸೌದೆ ದುಡ್ಡು ಮಾತ್ರ ಇದ್ದಲ್ಲೇ ಇತ್ತು. ಉಳಿದದ್ದು ನನ್ನ ಪಿಂಚಣಿಯಿಂದ ಒಲೆಗೆ ಹೋಗುತ್ತಿತ್ತು. ಗಿರಿಜಾ ಒಂದು ದಿನ ಕಾಫಿ ಲೋಟ ಕೈಗೆ ಕೊಡುತ್ತಾ, "ರೀ, ಒಂದಾ ಸೌದೆ ದುಡ್ಡು ಏರ್ಸಿ, ಇಲ್ಲಾ ಬಾಯ್ಲರ್ ಮುಚ್ಚಿ. ಅವರವರ ಗೀಸರ್ ಅವರವರು ಹಾಕ್ಕೊಳ್ಲಿ" ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಬಾಯ್ಲರ್ ಮುಚ್ಚಿದರೆ ನನ್ನ ಬೆಳಗೂ ಮುಚ್ಚಿದಂತೆಯೇ.

ಏರಿಸುವುದಕ್ಕೂ ಒಂದು ಗಡುವಿತ್ತು, ಅದು ನಾನೇ ತಂದುಕೊಂಡದ್ದು. ಕರಾರು ಪತ್ರ ಬರೆಸುವಾಗ ಹಳೆಯ ಗುಮಾಸ್ತ ಮೈಮೇಲೆ ಬಂದು, "ಇಂಧನದ ದರದಲ್ಲಿ ಹೆಚ್ಚಳವಾದಲ್ಲಿ ಮಾಲೀಕರು ಆಯುಧಪೂಜೆಯೊಳಗಾಗಿ ಬಾಡಿಗೆದಾರರೆಲ್ಲರಿಗೂ ಒಟ್ಟಾಗಿ ಖುದ್ದು ತಿಳಿಸತಕ್ಕದ್ದು, ತಪ್ಪಿದಲ್ಲಿ ಮುಂದಿನ ಆಯುಧಪೂಜೆಯವರೆಗೆ ಹಳೆಯ ದರವೇ ಊರ್ಜಿತದಲ್ಲಿರತಕ್ಕದ್ದು" ಎಂದು ಸೇರಿಸಿದ್ದೆ. ಬೇರೆ ಮಾಲೀಕರಂತೆ ಮನಸ್ಸಿಗೆ ಬಂದಾಗ ಏರಿಸುವವನಲ್ಲ ನಾನು ಎಂದು ತೋರಿಸಿಕೊಳ್ಳುವ ಆಸೆ. ಆಗ ಯಾರೂ ಅದನ್ನು ಕೇಳಿರಲಿಲ್ಲ.

"ಒಟ್ಟಾಗಿ" ಎಂದು ಬರೆದವನಿಗೆ ಶಿಫ್ಟ್ ಎಂಬುದೊಂದಿದೆ ಎಂದು ಹೊಳೆದಿರಲಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಮಂಜುಳಾ ಕತ್ತಲಿರುವಾಗಲೇ ಬಸ್ಸು ಹತ್ತುತ್ತಾಳೆ. ರಾತ್ರಿ ಪಾಳಿಯ ಮುನಿರಾಜು ಆಮೇಲೆ ಬಂದು ಮಲಗುತ್ತಾನೆ, ಮಲಗಿದವನನ್ನು ಎಬ್ಬಿಸಿ ದರ ಏರಿಸುವುದು ಪಾಪ. ಅವನು ಏಳುವ ಹೊತ್ತಿಗೆ ಇನ್ನಿಬ್ಬರು ಸೆಕೆಂಡ್ ಶಿಫ್ಟಿಗೆ ಹೊರಟಿರುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಬ್ಬರ ಬಾಗಿಲಲ್ಲಿ ನಿಂತು ದುಡ್ಡಿನ ಮಾತೆತ್ತುವುದು ನಮ್ಮಲ್ಲಿಲ್ಲ, ಮಂಗಳವಾರ ಶುಕ್ರವಾರಗಳಲ್ಲಂತೂ ಇಲ್ಲವೇ ಇಲ್ಲ. ಆದರೂ ದಿನಾ ಮೆಟ್ಟಿಲು ಹತ್ತುತ್ತಿದ್ದೆ. ಹತ್ತಿ, ಕೆಮ್ಮಿ, "ನಲ್ಲಿ ಸೋರ್ತಾ ಇಲ್ಲ ತಾನೇ?" ಎಂದು ಕೇಳಿ ಇಳಿಯುತ್ತಿದ್ದೆ. ಮಂಜುಳಾಳ ತಾಯಿ ಒಂದು ದಿನ ಬಿಸಿ ಬಿಸಿ ಅಕ್ಕಿರೊಟ್ಟಿ ಕೈಗಿಟ್ಟರು. ಅದನ್ನು ತಿನ್ನುತ್ತಾ ಸೌದೆಯ ಮಾತಾಡುವಷ್ಟು ನಾಚಿಕೆಗೆಟ್ಟವನು ನಾನಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವಷ್ಟು ಮಾತ್ರ ಕೆಟ್ಟಿದ್ದೆ.

ಹೀಗೆ ಆಯುಧಪೂಜೆ ಬಂದೇಬಿಟ್ಟಿತು. ಅಂದು ಕಾರ್ಖಾನೆಗಳಿಗೆಲ್ಲ ರಜ. ವಾರದ ರಜವೂ ಇವರಿಗೆ ಒಬ್ಬೊಬ್ಬರಿಗೆ ಒಂದೊಂದು ದಿನ. ವರ್ಷದಲ್ಲಿ ನಾಲ್ಕು ಮನೆಯವರೂ ಒಟ್ಟಿಗೆ ಎದ್ದಿರುವ ದಿನ ಅದೊಂದೇ. ಬೆಳಿಗ್ಗೆ ಎಲ್ಲರಿಗೂ ನೀರು ಕಾಯಿಸಿಕೊಟ್ಟು, ಒಗೆದ ಪಂಚೆ ಉಟ್ಟು, ಹೇಳಬೇಕಾದ ವಾಕ್ಯವನ್ನು ಕನ್ನಡಿಯ ಮುಂದೆ ಎರಡು ಸಲ ಹೇಳಿಕೊಂಡು ಹಿತ್ತಲಿಗೆ ಹೋದರೆ ಎಲ್ಲರೂ ಅಲ್ಲೇ ಸೇರಿದ್ದರು. ಬಾಯ್ಲರ್‌ಗೆ ಚೆಂಡುಹೂವಿನ ಹಾರ, ಮೂರು ಬೆರಳಿನ ವಿಭೂತಿ, ಅದರ ಮೇಲೆ ಕುಂಕುಮ. ಕೆಳಗೆ ಬೂದುಗುಂಬಳ, ಪಕ್ಕದಲ್ಲಿ ಕಡ್ಲೆಪುರಿಯ ರಾಶಿ. ಹಿಂದಿನ ದಿನ ಕಾರ್ಖಾನೆಯಲ್ಲಿ ಮಿಷನ್ನುಗಳಿಗೆ ಹೇಗೆ ಮಾಡಿದ್ದರೋ ಹಾಗೇ ಇಲ್ಲೂ ಮಾಡಿದ್ದರು. ಅಲ್ಲಿ ಮಿಷನ್ನಿನ ಜೊತೆ ಆಪರೇಟರಿಗೂ ಮರ್ಯಾದೆಯಂತೆ. ಮುನಿರಾಜು ನನ್ನ ಹಣೆಗೂ ಕುಂಕುಮವಿಟ್ಟು, ಕೈಗೆ ಸ್ವೀಟ್ ಬಾಕ್ಸು ಕೊಟ್ಟ. ಮಾಲೀಕನಾಗಿ ಹೋದವನು ಒಂದು ನಿಮಿಷದಲ್ಲಿ ಆಪರೇಟರಾಗಿ ನಿಂತಿದ್ದೆ.

"ಸೌದೆ..." ಎಂದೆ. ಕನ್ನಡಿಯ ಮುಂದೆ ಕಲಿತದ್ದರಲ್ಲಿ ಹೊರಬಂದದ್ದು ಅಷ್ಟೇ.

"ಸೌದೆ ರೇಟು ಏರಿರೋದು ನಮ್ಗೂ ಗೊತ್ತು ಸಾರ್," ಎಂದ ಮುನಿರಾಜು. "ಒಂದು ವಾರದಿಂದ ನೀವು ಮೆಟ್ಲು ಹತ್ತೋದು, ಇಳಿಯೋದು ನೋಡ್ತಾನೇ ಇದ್ದೀವಿ. ಬಾಯ್ಲರ್ ಮುಚ್ತೀನಿ ಅಂತ ಹೇಳೋಕೆ ಬರ್ತಿದ್ದೀರ ಅಂತ ಎಲ್ರಿಗೂ ಭಯ ಆಗ್ಬಿಟ್ಟಿತ್ತು."

ಅವನ ಕಾರ್ಖಾನೆಗೆ ಮಿಷನ್ನುಗಳು ಬರುವ ದೊಡ್ಡ ಮರದ ಪೆಟ್ಟಿಗೆಗಳ ಹಲಗೆಯನ್ನು ಕೆಲಸಗಾರರಿಗೆ ಅಗ್ಗಕ್ಕೆ ಕೊಡುತ್ತಾರಂತೆ. ನಾಲ್ಕು ಮನೆಯವರೂ ಸೇರಿ ಮಾತಾಡಿಕೊಂಡು, ತಿಂಗಳಿಗೊಂದು ಗಾಡಿ ಹಲಗೆ ನಮ್ಮ ಹಿತ್ತಲಿಗೆ ಹಾಕಿಸುವುದೆಂದು ಆಗಲೇ ತೀರ್ಮಾನಿಸಿದ್ದರು. "ಸೌದೆ ನಮ್ದು. ನೀವು ಹೊತ್ತಿಸೋದೊಂದು ಬಿಡ್ಬೇಡಿ ಸಾರ್" ಎಂದ. ನನ್ನ ಕಣ್ಣು ತುಂಬಿಬಂತು. ಹೊಗೆ ಎಂದು ಹೇಳೋಣವೆಂದರೆ ಬೆಳಗಿನ ನೀರು ಮುಗಿದ ಮೇಲೆ ಒಲೆ ಆರಿ, ಪೂಜೆಯಾದ ಬಾಯ್ಲರ್ ರಜದಲ್ಲಿತ್ತು. ನಾನು ಕಳೆದುಕೊಳ್ಳಲು ಹೆದರಿದ್ದನ್ನೇ ಅವರೂ ಕಳೆದುಕೊಳ್ಳಲು ಹೆದರಿದ್ದರಲ್ಲ, ಅದಕ್ಕಿಂತ ದೊಡ್ಡ ಉಡುಗೊರೆ ನನಗೆ ಈ ವಯಸ್ಸಿನಲ್ಲಿ ಯಾರು ಕೊಡಬೇಕು? ಅವರಿಗೆಲ್ಲ ನಾನು ಋಣಿ. ಅಂದು ಹೇಳಲಾಗಲಿಲ್ಲ, ಗಂಟಲಿನ ಕಥೆ ನಿಮಗೆ ಗೊತ್ತೇ ಇದೆ, ಇಲ್ಲಿ ಬರೆದು ಹೇಳುತ್ತಿದ್ದೇನೆ.

ಎಲ್ಲರೂ ಕಡ್ಲೆಪುರಿ ತಿನ್ನುತ್ತಿರುವಾಗ ಮಂಜುಳಾ ಮೆಲ್ಲಗೆ, "ಒಂದೇ ಒಂದು ವಿಷ್ಯ ಅಂಕಲ್. ಈಚೆಗೆ ನೀವು ಸ್ವಲ್ಪ ಲೇಟ್ ಮಾಡ್ತಿದ್ದೀರ. ನಮ್ಮ ಬಸ್ ಬರೋ ಹೊತ್ತಿಗೆ ನೀರು ಉಗುರು ಬೆಚ್ಚಗಿರುತ್ತೆ. ಐದು ಗಂಟೆಯೊಳಗೆ ಕಾಯ್ಲೇಬೇಕು" ಎಂದಳು. ಉಳಿದವರು ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿದ್ದು ಗಿರಿಜಾಳ ತಲೆ. ನಾನು ಒಂದೂ ಷರತ್ತು ಸೇರಿಸದೆ ಒಪ್ಪಿಕೊಂಡೆ.

ಗಡುವಿನೊಳಗೆ ನೋಟಿಸು ಕೊಡಲು ಹೋದವನು ಹೀಗೆ ಗಡುವು ಹಾಕಿಸಿಕೊಂಡು ಬಂದೆ. ನನ್ನದು ವರ್ಷಕ್ಕೊಂದು ಸಲ ಬರುತ್ತಿತ್ತು, ತಪ್ಪಿದರೂ ಯಾರೂ ಕೇಳುತ್ತಿರಲಿಲ್ಲ. ಇವರದು ದಿನಾ ಬೆಳಿಗ್ಗೆ ಖಾಲಿ ಬಕೆಟ್ ಹಿಡಿದು ಎದುರಿಗೇ ಬಂದು ನಿಲ್ಲುತ್ತದೆ.