ಬೋಜನ ಕಾರಿನ ಡೆಂಟ್ ವಾಪಸು ಕೊಡಿಸುವ ಬಗ್ಗೆ

ಇಂದ,
ಚಿತ್ತರಂಜನ ಶೆಟ್ಟಿ, ವಯಸ್ಸು 54,
ಡೆಂಟಿಂಗ್ ಮತ್ತು ಪೇಂಟಿಂಗ್ ಗ್ಯಾರೇಜು,
ವಾಮಂಜೂರು, ಮಂಗಳೂರು.

ಗೆ,
ಶ್ರೀ ವಿನೀತ್, ಬಿ.ಇ.,
ಕಾರ್ಯದರ್ಶಿಗಳು,
ಕಿರು ವಾಹನ ಮಾದರಿ ಕಲಾವಿದರ ಸಂಘ, ಮಂಗಳೂರು.

ವಿಷಯ: ಪ್ರದರ್ಶನಕ್ಕೆ ಕೊಟ್ಟ ಕಾರಿನಿಂದ ಕಾಣೆಯಾದ ಒಂದು ಡೆಂಟನ್ನು ಹಿಂದಿರುಗಿಸುವ ಕುರಿತು.

ಉಲ್ಲೇಖ: 1. ಸಂಘದ ಪ್ರವೇಶ ನಮೂನೆ, ಕಾಲಂ 9.
2. "ಥ್ಯಾಂಕ್ಸ್ ಎಲ್ಲ ಬೇಡ ಅಂಕಲ್" ಎಂಬ ತಮ್ಮ ಮಾತು.
3. ಅರ್ಜಿದಾರನ ಬಲ ಮೊಣಕಾಲು.

ಮಾನ್ಯರೇ,

ಈ ಅರ್ಜಿಯಲ್ಲಿ 'ನಾನು' ಎಂದು ಬರೆದರೆ ಸಿಟ್ಟು ಜಾಸ್ತಿಯಾಗುತ್ತದೆ. ಆದ್ದರಿಂದ ಉದ್ದಕ್ಕೂ 'ಅರ್ಜಿದಾರ' ಎಂದೇ ಬರೆಯಲಾಗಿದೆ.

1. ಅರ್ಜಿದಾರ ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತವನು. ಮೂವತ್ತೊಂದು ವರ್ಷಗಳಿಂದ ಜನರು ಗೋಡೆಗೆ, ಕಂಬಕ್ಕೆ, ದನಕ್ಕೆ ಮತ್ತು ಒಬ್ಬರಿಗೊಬ್ಬರು ಗುದ್ದಿಸಿ ತಂದ ಕಾರುಗಳ ಡೆಂಟ್ ತೆಗೆಯುತ್ತಾ ಬಂದಿದ್ದಾನೆ. ತಾವು ಉದ್ಘಾಟನಾ ಭಾಷಣದಲ್ಲಿ ಹೇಳಿದ 'ಸ್ಕೇಲ್ ಮಾಡೆಲಿಂಗ್ ಎಂಬ ಶಿಸ್ತು' ಅವನಿಗೆ ಗೊತ್ತಿಲ್ಲ. ಅವನು ಅದನ್ನು ಸಣ್ಣ ಗಾಡಿ ಕಟ್ಟುವುದು ಎನ್ನುತ್ತಾನೆ.

2. ಬೋಜ ಎಂಬವನು ಅರ್ಜಿದಾರನ ಸ್ನೇಹಿತ. ವಾರವಿಡೀ ಬಂದರಿನಲ್ಲಿ ಮೀನಿನ ಟೆಂಪೋ ಓಡಿಸುತ್ತಿದ್ದ, ಭಾನುವಾರ ರೇಸಿಗೆ ಹೋಗುತ್ತಿದ್ದ. ಅವನ ರೇಸ್ ಕಾರು ಯಾರೋ ಡಾಕ್ಟರು ಓಡಿಸಿ ಬಿಟ್ಟ ಹಳೆಯ ಪುಟ್ಟ ಬಿಳಿ ಕಾರು. ಹಿಂದಿನ ಬಂಪರು ನಿಂತದ್ದು ಬೋಟಿನ ಹಗ್ಗದ ಮೇಲೆ. ಮೆಕ್ಯಾನಿಕ್, ಪೇಂಟರ್, ಮ್ಯಾನೇಜರ್, ಚಪ್ಪಾಳೆ ತಟ್ಟುವ ಸಾರ್ವಜನಿಕರು, ಇವಿಷ್ಟೂ ಅರ್ಜಿದಾರನೊಬ್ಬನೇ.

ಇಪ್ಪತ್ತೊಂದು ವರ್ಷದ ಹಿಂದೆ ಒಂದು ಬಯಲಿನ ರೇಸಿನಲ್ಲಿ ಮೂರನೇ ತಿರುವಿನಲ್ಲಿ ಆ ಕಾರು ಜಾರಿ ಕೆಂಪುಕಲ್ಲಿನ ರಾಶಿಗೆ ಹೋಗಿ ಬಡಿಯಿತು. ಬಾಗಿಲು ಸಿಕ್ಕಿಕೊಂಡಿತು, ಒಳಗೆ ಬೋಜ, ಹೊರಗೆ ಪೆಟ್ರೋಲಿನ ವಾಸನೆ. ಅರ್ಜಿದಾರ ಓಡಿಹೋಗಿ, ಬಾಗಿಲ ಹಿಂದಿನ ತಗಡಿಗೆ ಬಲ ಮೊಣಕಾಲು ಕೊಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದ. ಬಾಗಿಲು ಬಂತು, ಬೋಜನೂ ಬಂದ. ಮೊಣಕಾಲಿನ ಗುರುತು ಮಾತ್ರ ತಗಡಿನಲ್ಲಿ ಉಳಿಯಿತು.

ಕಾಣೆಯಾದ ಡೆಂಟ್ ಅದೇ.

3. ಆ ಡೆಂಟನ್ನು ತೆಗೆಯಲು ಅರ್ಜಿದಾರ ಎಷ್ಟು ಸಲ ಕೇಳಿದ್ದಾನೆಂದು ಲೆಕ್ಕವಿಲ್ಲ. ಡೆಂಟ್ ತೆಗೆಯುವವನ ಸ್ನೇಹಿತನ ಗಾಡಿಯಲ್ಲೇ ಡೆಂಟ್ ಇದ್ದರೆ ಗಿರಾಕಿಗಳು ಏನೆಂದುಕೊಳ್ಳಬೇಕು? ಇಬ್ಬರ ನಡುವೆ ವರ್ಷಕ್ಕೆರಡು ಸಲವಾದರೂ ಈ ಕೆಳಗಿನ ಮಾತುಕತೆ ನಡೆಯುತ್ತಿತ್ತು. (ತುಳುವಿನಲ್ಲಿ ನಡೆದದ್ದನ್ನು ಕಚೇರಿಯ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆಯಲಾಗಿದೆ. ಬೈಗುಳ ಬಿಡಲಾಗಿದೆ.)

"ಅರ್ಧ ಗಂಟೆ ಕೊಡು ಮಾರಾಯ, ತೆಗೆದು ಬಿಸಾಡ್ತೇನೆ."

"ಮುಟ್ಟಿದ್ರೆ ಜಾಗ್ರತೆ. ಅದು ಇರ್ಲಿ."

"ಎಂತಕ್ಕೆ? ದೃಷ್ಟಿ ಬೊಟ್ಟಾ ಅದು?"

"ನೀನು ಜೀವಮಾನದಲ್ಲಿ ಮಾಡಿದ ಒಂದೇ ಒಂದು ಒಳ್ಳೆ ಕೆಲಸಕ್ಕೆ ಸಾಕ್ಷಿ ಬೇಡ್ವಾ?"

4. ಮುಂದೆ ಆ ಕಾರು ಗುಜರಿಗೆ ಹೋಯಿತು. ಆಮೇಲೆ ಸಕ್ಕರೆ ಕಾಯಿಲೆಯಲ್ಲಿ ಬೋಜನ ಕಣ್ಣು ಹೋಯಿತು, ಮೊದಲು ಒಂದು, ಹೋದ ವರ್ಷ ಇನ್ನೊಂದು. ಈಗ ಅವನು ನದಿಯಾಚೆ ಬೆಂಗ್ರೆಯ ಮನೆಯ ಜಗಲಿಯಲ್ಲಿ ಕುಳಿತು ಇಂಜಿನಿನ ಸದ್ದಿನ ಮೇಲೆ ಯಾರ ಬೋಟ್ ಬಂತೆಂದು ಹೇಳುತ್ತಾನೆ. ಒಮ್ಮೆ ಅರ್ಜಿದಾರನ ಹತ್ತಿರ, "ಆ ಗಾಡಿಯನ್ನು ಇನ್ನೊಂದ್ಸಲ ಮುಟ್ಟಿ ನೋಡ್ಬೇಕಿತ್ತು" ಎಂದ. ಆ ಕಾರಣ ಅರ್ಜಿದಾರ ಸಣ್ಣ ಗಾಡಿ ಕಟ್ಟುವ ಪ್ಲಾಸ್ಟಿಕ್ ಕಿಟ್ ತರಿಸಿದ.

5. ಬೋಜನ ಗಾಡಿಯ ಕಿಟ್ಟನ್ನು ಲೋಕದಲ್ಲಿ ಯಾವ ಕಂಪನಿಯೂ ಮಾಡುವುದಿಲ್ಲ. ಅದರ ದೊಡ್ಡಪ್ಪನ ಮಗನಂತಿರುವ ಒಂದು ಜಪಾನಿ ಕಾರಿನ ಕಿಟ್ ಸಿಕ್ಕಿತು, ಇಪ್ಪತ್ತನಾಲ್ಕರಲ್ಲಿ ಒಂದು ಅಳತೆಯದು. ಅದರ ಮೂತಿ ಕೊಯ್ದು ಗಿಡ್ಡ ಮಾಡಿದ. ಚಕ್ರದ ಮೇಲಿನ ಕಮಾನನ್ನು ಉಜ್ಜಿ ಅಗಲ ಮಾಡಿದ. ಬಿಡಿಭಾಗಗಳನ್ನು ಹಿಡಿದುಕೊಂಡಿರುವ ಪ್ಲಾಸ್ಟಿಕ್ ಕಡ್ಡಿಗಳನ್ನು ನೀವೆಲ್ಲ ಕಸಕ್ಕೆ ಹಾಕುತ್ತೀರಿ. ಅರ್ಜಿದಾರ ಅವುಗಳನ್ನು ಮೇಣದ ಬತ್ತಿಗೆ ಹಿಡಿದು ಬಗ್ಗಿಸಿ, ಗಾಡಿ ಮಗುಚಿದರೂ ತಲೆ ಉಳಿಸುವ ಪೈಪಿನ ಪಂಜರ ಮಾಡಿದ. ಸೈಕಲ್ ಟ್ಯೂಬಿನಿಂದ ಚಕ್ರದ ಹಿಂದೆ ಕೆಸರು ತಡೆಯುವ ಮಡ್‌ಫ್ಲಾಪು. ಗೋಣಿಚೀಲದ ನೂಲು ಹೊಸೆದು ಬಂಪರಿನ ಹಗ್ಗ.

ಕೊನೆಗೆ ಡೆಂಟ್. ಅರ್ಜಿದಾರ ಟೇಪಿನಿಂದ ತನ್ನ ಮೊಣಕಾಲನ್ನು ಅಳೆದು (ಉಲ್ಲೇಖ 3) ಇಪ್ಪತ್ತನಾಲ್ಕರಿಂದ ಭಾಗಿಸಿದ. ಏಳನೇ ಕ್ಲಾಸಿನ ಭಾಗಾಕಾರ ಜೀವನದಲ್ಲಿ ಮೊದಲ ಬಾರಿ ಉಪಯೋಗಕ್ಕೆ ಬಂತು. ಬಂದ ಉತ್ತರ ಒಂದು ಕಡಲೆಬೇಳೆಯಷ್ಟು ಅಗಲ. ಅಲ್ಲಿ ಪ್ಲಾಸ್ಟಿಕ್ಕನ್ನು ಒಳಗಿನಿಂದ ಕಾಗದದಷ್ಟು ತೆಳ್ಳಗೆ ಉಜ್ಜಿ, ಬಿಸಿನೀರಿಗೆ ಹಿಡಿದು, ಚಮಚದ ಹಿಡಿಯ ತುದಿಯಿಂದ ಒತ್ತಬೇಕು. ಮೊದಲ ಬಾಡಿ ತೂತಾಯಿತು. ಎರಡನೆಯದು ಕರಗಿ ವಡೆಯಂತಾಯಿತು. ಮೂರನೇ ಕಿಟ್ ತರಿಸಿ ಕೊಯ್ದ ಬಾಡಿಯಲ್ಲಿ ಡೆಂಟ್ ಕುಳಿತಿತು. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದಾಗ ಅರ್ಜಿದಾರನ ಮೊಣಕಾಲು ನಿಜಕ್ಕೂ ಒಮ್ಮೆ ನೊಂದಿತು.

ದಯವಿಟ್ಟು ಗಮನಿಸಬೇಕು: ಸಾವಿರಾರು ಡೆಂಟ್ ತೆಗೆದ ಈ ಮನುಷ್ಯ ಬೇಕೆಂದೇ ಹಾಕಿದ ಡೆಂಟ್ ಇದೊಂದೇ.

6. ಈ ಸಂಖ್ಯೆಯಡಿ ತಮ್ಮ ಬಗ್ಗೆ ಬರೆದದ್ದನ್ನು ಚಹಾ ಕುಡಿದ ಮೇಲೆ ಹೊಡೆದುಹಾಕಲಾಗಿದೆ.

7. ಪ್ರದರ್ಶನದ ಹಿಂದಿನ ದಿನ ಅರ್ಜಿದಾರ ಸಿಟಿ ಬಸ್ಸಿನಲ್ಲಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದು, ಕಾರನ್ನು ತಮ್ಮ ವಶಕ್ಕೆ ಕೊಟ್ಟ. ನಮೂನೆಯ ಕಾಲಂ 9, 'ವಿಶೇಷ ಸೂಚನೆ' ಎಂಬಲ್ಲಿ "ಬೋಜನ ಹೊರತು ಯಾರೂ ಮುಟ್ಟಬಾರದು" ಎಂದು ದಪ್ಪ ಅಕ್ಷರದಲ್ಲಿ ಬರೆದ. ತಾವು ಅದನ್ನು ಓದಿದಿರಿ, ನಕ್ಕಿರಿ, ಫೈಲಿಗೆ ಹಾಕಿದಿರಿ. ಕಾಗದವೊಂದು ಫೈಲಿಗೆ ಹೋದ ಮೇಲೆ ಅದರಲ್ಲಿ ಬರೆದದ್ದು ಯಾರಿಗೂ ಅನ್ವಯಿಸುವುದಿಲ್ಲ ಎಂಬ ನಿಯಮ ಸರಕಾರದಲ್ಲಿ ಮಾತ್ರ ಉಂಟೆಂದು ಅರ್ಜಿದಾರ ತಿಳಿದಿದ್ದ.

ಮರುದಿನ ಬಾಗಿಲಲ್ಲೇ ತಾವು ಹೇಳಿದ್ದು: "ಅಂಕಲ್, ನಿಮ್ಮ ಗಾಡಿ ಬಸ್ಸಲ್ಲಿ ತರುವಾಗ ಡ್ಯಾಮೇಜ್ ಆಗಿತ್ತು. ನಾನೇ ಕೂತು ಆ ಹೊಂಡಕ್ಕೆ ಪುಟ್ಟಿ ತುಂಬಿ, ಉಜ್ಜಿ, ಟಚ್‌ಅಪ್ ಮಾಡಿದೆ. ಗೊತ್ತೇ ಆಗುದಿಲ್ಲ ಈಗ. ಥ್ಯಾಂಕ್ಸ್ ಎಲ್ಲ ಬೇಡ ಅಂಕಲ್."

ಅರ್ಜಿದಾರ ಥ್ಯಾಂಕ್ಸ್ ಹೇಳಲಿಲ್ಲ. ಬೇರೆ ಏನಾದರೂ ಹೇಳುವ ಮೊದಲೇ ಬೋಜ ಬಂದ.

8. ಬೋಜನನ್ನು ಅವನ ಹೆಂಡತಿ ಮುದ್ದು ಫೆರಿಯಲ್ಲಿ ನದಿ ದಾಟಿಸಿ, ರಿಕ್ಷಾದಲ್ಲಿ ಕೂರಿಸಿ ಕರೆತಂದಿದ್ದಳು. ಇಸ್ತ್ರಿ ಮಾಡಿದ ಬಿಳಿ ಶರ್ಟು, ರೇಸಿನ ದಿನ ಹಾಕುತ್ತಿದ್ದ ಟೊಪ್ಪಿ. ಮೇಜಿನ ಹತ್ತಿರ ಸಂಘದವರೊಬ್ಬರು "ಮುಟ್ಬೇಡಿ, ಮುಟ್ಬೇಡಿ" ಎಂದು ಓಡಿಬಂದರು. ಕಾಲಂ 9 ಅವರಿಗೆ ಬಾಯಿಪಾಠವಿತ್ತು, ಮೊದಲೆರಡು ಶಬ್ದ ಬಿಟ್ಟು. ಅರ್ಜಿದಾರ ಅವರನ್ನು ನೋಡಿದ. ಅವರು ನಿಂತರು.

ಬೋಜನ ಬೆರಳು ಮೂತಿಯಿಂದ ಹೊರಟು ಗಾಜು ಹತ್ತಿ ಚಾವಣಿ ದಾಟಿ ಹಿಂದಕ್ಕೆ ಬಂತು. "ಹಗ್ಗ ಉಂಟು! ಮುದ್ದು, ಹಗ್ಗ ಉಂಟು ನೋಡು!" ಎಂದು ಸಭಾಂಗಣಕ್ಕೆ ಕೇಳುವಂತೆ ನಕ್ಕ. ಕಿಟಕಿಯೊಳಗೆ ಕಿರುಬೆರಳು ಹಾಕಿ ಪಂಜರವನ್ನು ಮುಟ್ಟಿದ. ಆಮೇಲೆ ಬಾಗಿಲು, ಬಾಗಿಲ ಹಿಂದಿನ ತಗಡು. ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಮುಂದೆ ಬಂತು.

"ಇದು ಯಾರದ್ದು?"

"ನಿನ್ನದೇ ಮಾರಾಯ."

"ಅಲ್ಲ. ನೀನು ತೆಗೆದಿಯಲ್ಲಾ. ಇಪ್ಪತ್ತು ವರ್ಷ ಕಾದು ಕೊನೆಗೂ ತೆಗೆದಿಯಲ್ಲಾ ರಂಜನ. ಕುರುಡನಿಗೆ ಎಂತ ಗೊತ್ತಾಗ್ತದೆ ಅಂದುಕೊಂಡ್ಯಾ?"

"ನಾನಲ್ಲ ತೆಗೆದದ್ದು. ಈ ಸೆಕ್ರೆಟರಿ..."

"ಹೌದು ಹೌದು. ಸೆಕ್ರೆಟರಿಗಳಿಗೆ ಬೇರೆ ಕೆಲಸ ಇಲ್ಲ, ಬೇರೆಯವರ ಗಾಡಿಗೆ ಪುಟ್ಟಿ ತುಂಬ್ತಾ ಕೂರ್ತಾರೆ. ಮುದ್ದು, ನಡಿ."

ಬೋಜನ ಈ ಮಾತಿನಲ್ಲಿ ಯಾವ ತಪ್ಪೂ ಇಲ್ಲ. ಅರ್ಜಿದಾರನೂ ನಂಬುತ್ತಿರಲಿಲ್ಲ.

9. ಸ್ವಲ್ಪ ಹೊತ್ತಿನಲ್ಲಿ ಬಹುಮಾನ ವಿತರಣೆಯಾಯಿತು. ತೀರ್ಪುಗಾರರಾದ ಕಜೆಟನ್ ಅವರು ಅರ್ಜಿದಾರನಿಗೆ 'ಅತ್ಯುತ್ತಮ ಫಿನಿಶಿಂಗ್' ಪ್ರಶಸ್ತಿ ಕೊಟ್ಟು, "ಮುಖ್ಯವಾಗಿ ಬಲಬದಿ, ಕನ್ನಡಿಯ ಹಾಗೆ" ಎಂದು ಹೊಗಳಿದರು. ಆಗ ಅರ್ಜಿದಾರ ವೇದಿಕೆಯ ಮೇಲೆ ಆಡಿದ ಮಾತುಗಳಿಗೆ ಕ್ಷಮೆ ಕೇಳುವುದಿಲ್ಲ. ಮೈಕ್ ಆನ್ ಇದ್ದದ್ದಕ್ಕೆ ಮಾತ್ರ ಕೇಳುತ್ತಾನೆ.

ಪುಟ್ಟಿ ಕೆಲಸ ಚೆನ್ನಾಗಿದೆ ಎಂಬುದನ್ನು ಕಸುಬುದಾರನಾಗಿ ಒಪ್ಪಲೇಬೇಕು. ಬಣ್ಣ ಮಾತ್ರ ಕೂಡಿಲ್ಲ. ಬಿಳಿಯಲ್ಲಿ ಹತ್ತಾರು ಬಿಳಿ ಉಂಟು, ತಾವು ಹಚ್ಚಿದ್ದು ಫ್ರಿಜ್ಜಿನ ಬಿಳಿ. ಇಂಜಿನಿಯರಿಂಗ್ ಬೇಸರ ಬಂದರೆ ವಾಮಂಜೂರಿನ ಗ್ಯಾರೇಜಿನಲ್ಲಿ ತಮಗೆ ಜಾಗ ಉಂಟು. ಅಲ್ಲಿ ಗಿರಾಕಿ ಕೇಳಿದ ಮೇಲೆಯೇ ಡೆಂಟ್ ತೆಗೆಯುವುದು.

10. ಮರುವಾರ ಅರ್ಜಿದಾರ ಕಾರು ಹಿಡಿದುಕೊಂಡು ಬೆಂಗ್ರೆಗೆ ಹೋದ. ಬೋಜ ಕಾಲಿನ ಸದ್ದಿನಲ್ಲೇ ಗುರುತು ಹಿಡಿದು ಗೋಡೆಯ ಕಡೆ ತಿರುಗಿ ಕುಳಿತ. "ಗ್ಯಾರೇಜಲ್ಲಿ ಇಟ್ಟುಕೋ. ಗಿರಾಕಿಗಳಿಗೆ ತೋರಿಸ್ಲಿಕ್ಕೆ ಒಳ್ಳೇದಾಗ್ತದೆ" ಎಂದ. ಫೆರಿ ನಿಲ್ಲುವ ಜೆಟ್ಟಿಯವರೆಗೆ ಬಿಡಲು ಬಂದ ಮುದ್ದು, "ಅಣ್ಣ, ಅವರಿಗೆ ಸಿಟ್ಟಲ್ಲ. ಕಾರು ಬಂದ್ರೆ ಇಡ್ಲಿಕ್ಕೆ ಅಂತ ಮಂಚದ ಹತ್ತಿರ ಒಂದು ಸ್ಟೂಲು ಖಾಲಿ ಮಾಡಿಸಿದ್ದರು. ಅದರ ಮೇಲೆ ಈಗ ನೀರಿನ ಚೆಂಬೂ ಇಡ್ಲಿಕ್ಕೆ ಬಿಡುದಿಲ್ಲ" ಎಂದಳು.

ಫೆರಿಯಲ್ಲಿ ವಾಪಸು ಬರುವಾಗ ಅರ್ಜಿದಾರ ಪೆಟ್ಟಿಗೆಯ ಮುಚ್ಚಳ ತೆರೆಯಲಿಲ್ಲ.

11. 'ಪುಟ್ಟಿ ನೀವೇ ಕೆರೆದರೆ ಆಯ್ತಲ್ಲ ಅಂಕಲ್' ಎಂದು ತಮಗೆ ಅನಿಸಬಹುದು. ಅದು ಐದು ನಿಮಿಷದ ಕೆಲಸ. ಆದರೆ ಬೈಸಿಕೊಂಡ ಮೇಲೆ ತಂದು ತೋರಿಸುವ ಡೆಂಟನ್ನು ಬೋಜ ಹೊಸದಾಗಿ ಹಾಕಿದ್ದೆಂದೇ ಹೇಳುತ್ತಾನೆ. ಮೊದಲಿನಿಂದ ಇತ್ತು, ಕೆಳಗೆ ಈಗಲೂ ಉಂಟು ಎಂದು ಅವನಿಗೆ ಗೊತ್ತಾಗಬೇಕು. ಕಾಗದದಲ್ಲಿ ಬರೆದುಕೊಟ್ಟರೆ ಓದಲು ಅವನಿಗೆ ಕಣ್ಣಿಲ್ಲ. ಮುದ್ದು ಓದಿ ಹೇಳಿದರೆ, ಅರ್ಜಿದಾರ ಬರೆಸಿದ್ದು ಎನ್ನುತ್ತಾನೆ. ಆ ಕಾರಣ ಪುಟ್ಟಿಯನ್ನು ಇದುವರೆಗೆ ಮುಟ್ಟದೆ ಹಾಗೆಯೇ ಇಡಲಾಗಿದೆ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ:

(ಅ) ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತಾವು ಬಂದರಿನ ಫೆರಿ ಹತ್ತಿರ ಹಾಜರಾಗಬೇಕು. ಕಾರು ಅರ್ಜಿದಾರನ ತೊಡೆಯ ಮೇಲಿರುತ್ತದೆ. ತಾವು ಪಕ್ಕದಲ್ಲಿ ಕೂರಬಹುದು, ಮುಟ್ಟುವಂತಿಲ್ಲ.

(ಆ) ಬೋಜನ ಜಗಲಿಯಲ್ಲಿ ಕುಳಿತು, "ತುಂಬಿದ್ದು ನಾನು" ಎಂದು ತಮ್ಮ ಬಾಯಿಯಿಂದಲೇ ಹೇಳಬೇಕು. ಬೋಜ ಏನು ಬೈದರೂ ಕೇಳಿಸಿಕೊಳ್ಳಬೇಕು. ಥ್ಯಾಂಕ್ಸ್ ನಿರೀಕ್ಷಿಸಬಾರದು.

(ಇ) ತುಂಬಿದ ಕೈಯಿಂದಲೇ, ಬೋಜನ ಎದುರಿನಲ್ಲಿ, ಅವನ ಬೆರಳು ತಗಡಿನ ಪಕ್ಕದಲ್ಲೇ ಇರುವಾಗ, ಪುಟ್ಟಿಯನ್ನು ಉಜ್ಜಿ ತೆಗೆಯಬೇಕು.

ಇಷ್ಟಾದರೆ,
ತಮ್ಮ ವಿಶ್ವಾಸಿಯಾಗಲು ಅಭ್ಯಂತರವಿಲ್ಲದ,
(ಸಹಿ)
ಚಿತ್ತರಂಜನ ಶೆಟ್ಟಿ

ಅಡಕಗಳು:
1. 'ಅತ್ಯುತ್ತಮ ಫಿನಿಶಿಂಗ್' ಪ್ರಶಸ್ತಿ ಪತ್ರ, ಮೂಲಪ್ರತಿ. ಇದು ತಮ್ಮದು.
2. ಪುಟ್ಟಿ ಉಜ್ಜುವ ವಾಟರ್ ಪೇಪರ್, 400 ನಂಬರ್, ಅರ್ಧ ಹಾಳೆ. ಉಳಿದರ್ಧ ಅರ್ಜಿದಾರನ ಬಳಿ ಇದೆ, ತಾವು ಮರೆತು ಬರುವ ಸಾಧ್ಯತೆ ಇರುವುದರಿಂದ.
3. ಬಲ ಮೊಣಕಾಲು. ಅಂಚೆಯಲ್ಲಿ ಕಳುಹಿಸಲಾಗದ ಕಾರಣ ಭಾನುವಾರ ಖುದ್ದಾಗಿ ಹಾಜರುಪಡಿಸಲಾಗುವುದು.

ವಿ.ಸೂ.: ಕೆಳಗೆ ಪ್ಲಾಸ್ಟಿಕ್ ಕಾಗದದಷ್ಟು ತೆಳ್ಳಗಿದೆ. ಸಾವಕಾಶವಾಗಿ ಉಜ್ಜತಕ್ಕದ್ದು. ಎಲ್ಲಿಗೆ ನಿಲ್ಲಿಸಬೇಕೆಂದು ತಾವಾಗಲಿ ಅರ್ಜಿದಾರನಾಗಲಿ ಹೇಳುವಂತಿಲ್ಲ. ಬೋಜ ಬೆರಳಿಟ್ಟು ನೋಡಿ "ಸಾಕು" ಎಂದಾಗ ನಿಲ್ಲಿಸುವುದು.