ಇಂಜಿನ್ ಕವರಿನ ಮೇಲೆ ಅಪ್ಪನ ಹೆಸರು

ಇವತ್ತು ಮಾಡಿದ ಕೆಲಸ: ಐದಕ್ಕೆ ಎದ್ದು ಅಂಗಳ ಗುಡಿಸಿ ನೀರು ಹೊಡೆದೆ. ನಳ ಬಂದಿತ್ತು, ಎಂಟು ಕೊಡ ತುಂಬಿಕೊಂಡೆ. ಹದಿನಾರು ರೊಟ್ಟಿ ಬಡಿದೆ. ಪುಂಡಿಪಲ್ಯ ಸೋಸಿ ಇಟ್ಟೆ. ಹೊಲಿಯಲು ಬಂದಿದ್ದ ಎರಡು ಜಂಪರಿಗೆ ಹುಕ್ಕು ಹಚ್ಚಿದೆ. ಅಪ್ಪನ ಮೋಟಾರ್‌ಸೈಕಲ್ ಒರೆಸಿದೆ. ಸಂಜೆ ತಮ್ಮ ಭೀಮರಾಯ ಹುಣಸಗಿಯಿಂದ ಬಂದು ಅದನ್ನು ತಪಾಸಣೆ ಮಾಡಿದ.

ಈ ತಪಾಸಣೆಗೆ ಹದಿನೈದು ದಿನದ ಇತಿಹಾಸವಿದೆ.

ಅಪ್ಪ ತೀರಿಕೊಂಡ ಮೇಲೆ ಆ ಗಾಡಿ ತಮ್ಮನ ದನದ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲ ಹೊತ್ತು ನಿಂತಿತ್ತು. ಹಳೆ ಗಾಡಿ ಕೊಳ್ಳುವ ಯಾದಗಿರಿಯ ವ್ಯಾಪಾರಿಯೊಬ್ಬ ಅದರ ಹಿಂದೆ ಬಿದ್ದಿದ್ದ. ಅದೇ ಗಾಡಿಯ ಟ್ಯಾಂಕಿನ ಮೇಲೆ ಕೂತು ಸಾಲಿಗೆ ಹೋದವಳು ನಾನು. ಕೊಡಬೇಡ ಅಂತ ಹಟ ಹಿಡಿದೆ.

"ಹದಿನೈದು ದಿನ ಕೊಡ್ತೀನಿ ಅಕ್ಕಾ," ಅಂದ ತಮ್ಮ. "ಗಾಡಿ ಗಾಡಿ ಹಂಗ ಕಂಡ್ರ ನಿನ್ನ ಮನ್ಯಾಗ ಇರ್ಲಿ. ಇಲ್ಲಂದ್ರ ವ್ಯಾಪಾರಿ ಒಯ್ತಾನ."

ಮೆಕ್ಯಾನಿಕ್ ಎರಡೇ ದಿನದಲ್ಲಿ ಗಾಡಿ ಚಾಲೂ ಮಾಡಿದ. ಉಳಿದದ್ದು ಇಂಜಿನ್ನಿನ ಎರಡು ಬದಿಯ ಕವರು. ಬಿಚ್ಚಿ ಕೈಗೆ ಕೊಟ್ಟ. ಹಳೆ ತವೆಯಂತಿದ್ದವು. ಇದೇನು ಮಹಾ! ಹಿತ್ತಾಳೆ ಬೆಳಗುವುದರಲ್ಲಿ ನಮ್ಮ ಓಣಿಯಲ್ಲಿ ನನ್ನ ಮುಂದೆ ಯಾರೂ ಇಲ್ಲ.

"ಅದು ಹಿತ್ತಾಳಿ ಅಲ್ಲ, ಜರ್ಮನ್," ಅಂದರು ನಮ್ಮವರು. ಅಲ್ಯುಮಿನಿಯಂ ಪಾತ್ರೆಗೆ ನಮ್ಮ ಕಡೆ ಹಾಗೇ ಅನ್ನುವುದು.

"ಭಾಂಡಿ ತಿಕ್ಕೂದು ನೀವು ನನಗ ಹೇಳಿಕೊಡ್ತೀರೇನು?" ಅಂದೆ. ದೊಡ್ಡ ಹಂಡೆಯಲ್ಲಿ ನೀರು, ಹುಣಸೆಹಣ್ಣು ಹಾಕಿದೆ. ಸಾಲದು ಅನ್ನಿಸಿ ಬಟ್ಟೆ ಸೋಡಾದ ಪಾಕೀಟು ಇಡೀ ಸುರಿದೆ. ಅರ್ಧ ತಾಸು ಕುದಿಸಿದೆ. ಹಾಕುವಾಗ ತವೆ ಇದ್ದದ್ದು ತೆಗೆಯುವಾಗ ಕಾಡಿಗೆ ಆಗಿತ್ತು.

ನಮ್ಮವರು ನಗಲಿಲ್ಲ. ನಕ್ಕಿದ್ದರೆ ಜಗಳ ಆಡಬಹುದಿತ್ತು. "ಶಹಾಪುರದಾಗ ಉಸ್ಮಾನಸಾಬ್ ಅಂತ ಇದ್ದಾನ, ಪಾಲಿಶ್ ಮಾಡ್ತಾನ. ನಾಳಿ ಕೊಟ್ಟು ಬರ್ತೀನಿ," ಅಂದರಷ್ಟೇ.

ಈ ಸುದ್ದಿ ಎದುರುಮನೆ ಗಂಗಮ್ಮನಿಗೆ ಹೇಳಿದ್ದು ನನ್ನ ತಪ್ಪು.

"ಹಳೆ ಸಾಮಾನು ಗುರುತಿಲ್ಲದ ಕೈಯಾಗ ಕೊಡ್ತೀಯಾ ಸುವರ್ಣಾ? ನಮ್ಮ ಮಿಕ್ಸಿ ರಿಪೇರಿಗೆ ಕೊಟ್ಟಿದ್ವಿ. ಮ್ಯಾಲಿಂದು ನಮ್ದೇ ಬಂತು, ಒಳಗಿನ ಮೋಟಾರು ಯಾರದೋ. ಒರಿಜಿನಲ್ ಎಲ್ಲಾ ಸೀದಾ ಹೈದ್ರಾಬಾದಿಗೆ ಹೋಗ್ತಾವ."

ಅವತ್ತು ರಾತ್ರಿ ಅನ್ನ ರುಚಿಸಲಿಲ್ಲ. ಮುಖ ಕಾಣದ ಉಸ್ಮಾನಸಾಬ್ ನನ್ನ ಕಣ್ಣಿಗೆ ಹೈದರಾಬಾದಿನ ರೈಲು ಹತ್ತುತ್ತಲೇ ಇದ್ದ. ಆಗ ಒಂದು ಉಪಾಯ ಹೊಳೆಯಿತು. ಮದುವೆ, ಜವಳದಲ್ಲಿ ಮುಯ್ಯಿ ಬಂದ ಸ್ಟೀಲು ಪಾತ್ರೆಗೆಲ್ಲ ನಾವು ಹೆಸರು ಹಾಕಿಸುತ್ತೇವಲ್ಲ, ಪಲ್ಯ ಕೊಟ್ಟ ಬೋಗಾಣಿ ಯಾರ ಮನೆಗೆ ಹೋದರೂ ತಿರುಗಿ ಬರಲಿ ಅಂತ. ನಮ್ಮ ಮನೆಯಲ್ಲಿ ಚಮಚೆಗೂ ಹೆಸರಿದೆ. ಇಂಜಿನ್ ಕವರೇನು ಪಾಪ ಮಾಡಿದೆ?

ಬೆಳಿಗ್ಗೆ ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಭಾಂಡಿ ಅಂಗಡಿಗೆ ಹೋದೆ.

"ಒಳಗ ಹಾಕ್ಲಾ, ಹೊರಗ ಹಾಕ್ಲಾ?" ಅಂತ ಕೇಳಿದ ಹೆಸರು ಕೊರೆಯುವವ.

"ಹೊರಗ ಹಾಕು. ಒಳಗ ಹಾಕಿದ್ರ ಯಾರು ನೋಡ್ತಾರ? ಆಳವಾಗಿ ಹಾಕು."

'ಬಸಲಿಂಗಪ್ಪ' ಅಂತ ಎರಡರ ಮೇಲೂ ದಪ್ಪ ಅಕ್ಷರದಲ್ಲಿ ಬಂತು. ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ನಮ್ಮವರ ಕೈಗೆ ಕೊಟ್ಟೆ. ಬಿಚ್ಚಿ ನೋಡುವ ಚಟ ಅವರಿಗಿಲ್ಲ. ಶಹಾಪುರದಲ್ಲಿ ಗಂಟು ಹಾಗೇ ಇಟ್ಟು, "ಒಂದು ಗೀರೂ ಉಳೀಬಾರ್ದು ನೋಡ್ರಿ," ಅಂತ ಹೇಳಿ ಬಂದಿದ್ದರು.

ಹನ್ನೊಂದನೇ ದಿನ ಫೋನ್ ಬಂತು. ಒಂದು ಕವರು ತಯಾರು, ಇನ್ನೊಂದು ಸಂಜೆಗೆ. ತರಲು ನಾನೇ ಹೊರಟೆ. ಕಳ್ಳನನ್ನು ಹಿಡಿಯುವ ಕೆಲಸಕ್ಕೆ ಗಂಡಸರನ್ನು ಕಳಿಸಿದರೆ ಚಹಾ ಕುಡಿದು ಬರುತ್ತಾರೆ.

ಅಂಗಡಿಯಲ್ಲಿ ಪಾಲಿಶ್ ಮಾಡುವ ಬಟ್ಟೆಯ ಗಾಲಿ ಗರಗರ ತಿರುಗುತ್ತಿತ್ತು. ಉಸ್ಮಾನಸಾಬ್ ಅರವತ್ತರ ಮನುಷ್ಯ, ಹುಬ್ಬಿನ ತನಕ ಕರಿ ಪುಡಿ. ನನ್ನ ಕೈಗೆ ಪೇಪರಿನಲ್ಲಿ ಸುತ್ತಿದ ಕವರು ಕೊಟ್ಟ. ಬಿಚ್ಚಿದೆ. ನನ್ನ ಮುಖ ಕಾಣಿಸಿತು, ಕುಂಕುಮ ವಾರೆಯಾಗಿದ್ದದ್ದೂ ಕಾಣಿಸಿತು. ಅಪ್ಪನ ಹೆಸರು ಮಾತ್ರ ಕಾಣಿಸಲಿಲ್ಲ.

ತಿರುಗಿಸಿದೆ. ಬೆಳಕಿಗೆ ಹಿಡಿದೆ. ಬೆರಳು ಆಡಿಸಿದೆ. ಸಿಕ್ಕಿಬಿದ್ದ ಅಂದುಕೊಂಡೆ.

"ಇದು ನಮ್ದಲ್ಲ," ಅಂದೆ.

"ನಿಮ್ದೇ ಅಕ್ಕಾರ."

"ನಮ್ದು ಎಲ್ಲಿಗೆ ಕಳಿಸೀರಿ? ಹೈದ್ರಾಬಾದಿಗೇನು?"

ಗಾಲಿ ನಿಂತಿತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಇಬ್ಬರು ಬಸಿ ಕೆಳಗಿಟ್ಟರು. ಕೇಳುವವರು ಸಿಕ್ಕಿದ್ದಕ್ಕೆ ನನಗೂ ಹುರುಪು ಬಂತು. ಸದರಿ ಕವರುಗಳು ಮೃತ ನಮ್ಮ ತಂದೆಯವರವು, ಅವುಗಳ ಮೇಲೆ ಅವರ ನಾಮಧೇಯ ಸ್ಪಷ್ಟವಾಗಿ ಕೊರೆಯಲ್ಪಟ್ಟಿತ್ತು, ಇದರ ಮೇಲೆ ಅದು ಇರುವುದಿಲ್ಲ ಅಂತ ಕೋರ್ಟಿನಲ್ಲಿ ಓದುವವರ ಹಾಗೆ ಮಂಡಿಸಿದೆ.

ಉಸ್ಮಾನಸಾಬ್ ಕೈ ಒರೆಸಿಕೊಂಡ. ಹಲಗೆಯ ಮೇಲಿಂದ ಇನ್ನೊಂದು ಕವರು ಎತ್ತಿ ನನ್ನ ಮುಂದೆ ಹಿಡಿದ. ಎಡಕ್ಕೆ ಕನ್ನಡಿ, ಬಲಕ್ಕೆ ಕಾಡಿಗೆ. ಕಾಡಿಗೆಯ ಅಂಚಿನಲ್ಲಿ 'ಪ್ಪ' ಅಂತ ಉಳಿದಿತ್ತು.

"ಎರಡು ದಿನ ಆತು ಅಕ್ಕಾರ, ಈ ಹೆಸರು ತಿಕ್ಕಾಕ ಹತ್ತಿ. ಯಜಮಾನ್ರು ಒಂದು ಗೀರೂ ಉಳೀಬಾರ್ದು ಅಂದಿದ್ರು. ಯಾವ ಹುಚ್ಚ ಕೊರದಾನೋ ಅಂತ ಬೈಕೋತ ತಿಕ್ಕೀನಿ. ಬೆರಳು ನೋಡ್ರಿ."

ನೋಡಿದೆ. ತುದಿಯಲ್ಲಿ ಚರ್ಮ ಕಿತ್ತಿತ್ತು. ಕಟ್ಟೆಯ ಮೇಲಿನ ಇಬ್ಬರು ಬಸಿ ಎತ್ತಿಕೊಂಡರು. ಗೀರು ಅಳಿಸುವ ಕೆಲಸಕ್ಕೇ ಕೊಟ್ಟ ಸಾಮಾನಿನ ಮೇಲೆ ಗುರುತಿಗೆಂದು ಹೆಸರು ಹಾಕಿಸಿದವಳು ನಮ್ಮ ಸುರಪುರ, ಈ ಶಹಾಪುರ ಎರಡೂ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಉಸ್ಮಾನಸಾಬ್ ಕವರು ನನ್ನ ಮಡಿಲಿಗೆ ಹಾಕಿದ. "ತಗೊಂಡು ಹೋಗ್ರಿ. ಬದಲಿ ಮಾಡ್ಯಾನ ಅನ್ನೂ ಮಾತು ಈ ಅಂಗಡ್ಯಾಗ ಇವತ್ತಿನ ತನಕ ಬಿದ್ದಿದ್ದಿಲ್ಲ. ಇದು ನಾ ಮಾಡಂಗಿಲ್ಲ."

ನಾಲ್ಕು ದಿನ ಉಳಿದಿತ್ತು. ಒಂದು ಬದಿ ಕನ್ನಡಿ, ಒಂದು ಬದಿ 'ಪ್ಪ' ಇಟ್ಟುಕೊಂಡು ತಮ್ಮನ ಮುಂದೆ ನಿಲ್ಲುವ ಹಾಗಿರಲಿಲ್ಲ.

"ಆ ಹುಚ್ಚಿ ನಾನೇ, ಉಸ್ಮಾನಣ್ಣ," ಅಂದೆ. "ತಪ್ಪಾತು. ನಮ್ಮಪ್ಪನ ಗಾಡಿ ಯಾದಗಿರಿ ವ್ಯಾಪಾರಿ ಒಯ್ತಾನಂತ ತಲಿ ಕೆಟ್ಟಿತ್ತು. ಇದೊಂದು ಮಾಡಿ ಕೊಡು."

ಬೆರಳಿಗೆ ಪಟ್ಟಿ ಸುತ್ತಿಕೊಂಡ. ಆಮೇಲೆ ಒಂದು ಸ್ಟೂಲು ಎಳೆದು ಗಾಲಿಯ ಮುಂದೆಯೇ ಇಟ್ಟ. "ಮಾಡ್ತೀನಿ. ಖರೆ ನೀವು ಇಲ್ಲೇ ಕೂಡ್ರಬೇಕು. ಕಣ್ಣು ಮಿಟುಕಿಸಬ್ಯಾಡ್ರಿ. ನಾಳಿ ಮತ್ತ ಬದಲಿ ಆಗೇದ ಅಂತ ಬರಬಾರ್ದು."

ಮೂರು ತಾಸು ಕೂತೆ. ಗಾಲಿಯಿಂದ ಹಾರಿದ ಕರಿ ಪುಡಿ ಎಲ್ಲಾ ನನ್ನ ಮುಖಕ್ಕೇ ಬಂತು. ಬಸ್ಸಿನಲ್ಲಿ ಪಕ್ಕದ ಹೆಂಗಸು ಕೂಸನ್ನು ಆ ಕಡೆ ತೊಡೆಗೆ ಬದಲಿಸಿಕೊಂಡಳು. ಮನೆಯ ಬಾಗಿಲು ತೆಗೆದ ನಮ್ಮವರು, "ಯಾರು ಬೇಕಾಗಿತ್ರಿ?" ಅಂದರು.

ಅಂತೂ ಕವರು ಕೂತವು. ಇವತ್ತು ತಮ್ಮ ಬಂದ. ಗಾಡಿಯ ಸುತ್ತ ಎರಡು ಸಲ ತಿರುಗಿ ಕುಕ್ಕರಗಾಲಿನಲ್ಲಿ ಕೂತ.

"ಚಂದ ಆಗ್ಯಾದ," ಅಂದ. "ಹಳೇ ಕವರು ಎಲ್ಲಿ ಇಟ್ಟಿ ಅಕ್ಕಾ?"

"ಇವೇ ಹಳೇವು."

"ಹಾಂ," ಅಂದ. ನಂಬಿದವರು ಹಾಗೆ ಅನ್ನುವುದಿಲ್ಲ. ಕವರು ಒರಿಜಿನಲ್ ಹೌದೋ ಅಲ್ಲೋ ಅಂತ ಕೇಳಿ ಫೋಟೋ ಹೊಡೆದು ಯಾದಗಿರಿಯ ವ್ಯಾಪಾರಿಗೆ ಕಳಿಸಿದ. ಚಹಾ ಮುಗಿಯುವುದರೊಳಗೆ ವ್ಯಾಪಾರಿಯ ವಾಯ್ಸ್ ಮೆಸೇಜು ಬಂತು. ತಮ್ಮ ಜೋರಾಗಿಯೇ ಕೇಳಿಸಿದ:

"ಸಾವ್ಕಾರ, ಒರಿಜಿನಲ್ ತೆಗೆದು ಡುಪ್ಲಿಕೇಟ್ ಕೂಡ್ರಿಸ್ಯಾರ. ಕಂಪನಿ ಮಾಲು ಇಷ್ಟು ಹೊಳಿಯಂಗಿಲ್ರಿ. ನನಗ ಈ ಗಾಡಿ ಬ್ಯಾಡ."

ತಮ್ಮ ಫೋನು ಕಿಸೆಗೆ ಇಟ್ಟುಕೊಂಡ. "ಆತು ಬಿಡು, ನಿನ್ನ ಹತ್ರನೇ ಇರ್ಲಿ. ಹಳೇವು ಯಾರಿಗೆ ಕೊಟ್ಟಿ ಅಂತ ನಾ ಕೇಳಂಗಿಲ್ಲ."

ದೇವರ ಜಗುಲಿಯ ಕಡೆ ಕೈ ಚಾಚಿ ಆಣೆ ಮಾಡಲು ಎದ್ದೆ. ನಮ್ಮವರು ಸೆರಗು ಹಿಡಿದು ಜಗ್ಗಿ, ಕಿವಿಯಲ್ಲಿ ಅಂದರು: "ಆಣಿ ಮಾಡಬ್ಯಾಡ. ಒರಿಜಿನಲ್ ಅಂತ ಖಾತ್ರಿ ಆದ್ರ ಗಾಡಿ ಯಾದಗಿರಿಗೆ ಹೋಗ್ತದ."

ಕೂತೆ.

ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ತಮ್ಮ ಐದು ರೊಟ್ಟಿ ಉಂಡ, ಇಲ್ಲೇ ಉಳಿದ. ಮೊದಲು ನಿದ್ದೆ ಹೋದವರು ನಮ್ಮವರು. ತಮ್ಮನಿಗೆ ಒಳಗೆ ಹಾಸಿಗೆ ಹಾಕಿದ್ದೆ. ಬೇಡವೆಂದು ಚಾಪೆ ಹೊತ್ತು ಅಂಗಳಕ್ಕೆ ಹೋದ. ತಾನು ಏರಿಬಂದ ಹೊಸ ಗಾಡಿಗೆ ಬೆನ್ನು ಹಚ್ಚಿ ಮಲಗಿದ್ದಾನೆ. ಅಲ್ಲಿ ಗಾಳಿ ಛಲೋ ಬರುತ್ತದಂತೆ.