ಅಕ್ಕನ ಟರ್ಬೊ ಮತ್ತು ಬಾಯಿ ಕಟ್ಟದ ಸಾಂಬಾರು

ನಮ್ಮ ಅಕ್ಕ ಗಾಡಿ ಓಡಿಸುವುದಿಲ್ಲ. ಗಾಡಿಯನ್ನು ಊಟಕ್ಕೆ ಕರೆಯುತ್ತಾಳೆ! ನಂಬುವುದಿಲ್ಲವೇ? ನಾನೂ ಮೊದಲು ನಂಬಿರಲಿಲ್ಲ. ನಂಬಿದ ಮೇಲೆ ಅವಳ ಪರವಾಗಿ ನಾಲ್ಕು ಜನರ ಮುಂದೆ ಒಂದೇ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ. ತಪ್ಪು ಮಾಡಿದವನಿಗೆ ಪೀಠಿಕೆ ಸ್ವಲ್ಪ ಉದ್ದವೇ ಬೇಕಾಗುತ್ತದೆ.

ಡೊಂಬಿವಲಿಯಲ್ಲಿ ಅಕ್ಕ, ಭಾವನದು ಅಡುಗೆಯ ವ್ಯಾಪಾರ. ಬೆಳಿಗ್ಗೆ ಇಡ್ಲಿ, ಸಾಂಬಾರು ಮಾಡಿ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಮುಟ್ಟಿಸಬೇಕು. ಏಳನೆಯ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದು ಉಡುಪಿಯಿಂದ ಬಂದ ನಾನು ಅವರ ಮನೆಯಲ್ಲೇ ಉಂಡು, ಪಾತ್ರೆ ಎತ್ತಿಳಿಸುವವನು.

ಭಾವ ಹಳೆಯದೊಂದು ಟರ್ಬೊ ಡೀಸೆಲ್ ವ್ಯಾನು ತಂದರು. ಅದರ ಗುಣವೇ ವಿಚಿತ್ರ. ಆಕ್ಸಿಲರೇಟರ್ ಒತ್ತಿದರೆ ಏನೂ ಆಗುವುದಿಲ್ಲ. ಇನ್ನಷ್ಟು ಒತ್ತಿ, ಆಗಲೂ ಇಲ್ಲ. ಸತ್ತೇ ಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಗೂಳಿ ಗುಮ್ಮಿದ ಹಾಗೆ ಹಾರುತ್ತದೆ! ಭಾವ ಓಡಿಸಿದ ಮೊದಲ ದಿನವೇ ಇಡ್ಲಿಗಳೆಲ್ಲ ತಟ್ಟೆ ಬಿಟ್ಟು ಚಟ್ನಿಯಲ್ಲಿ ಈಜಾಡಿದವು.

ಕಲ್ಯಾಣದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಗಾಡಿಗೆ ಯಾವ ರೋಗವೂ ಇಲ್ಲ ಎಂದ. ಎಂಜಿನ್ನಿನ ಹೊಗೆಯೇ ಒಳಗೊಂದು ಪುಟ್ಟ ಚಕ್ರ ತಿರುಗಿಸಬೇಕು, ಆ ಚಕ್ರ ಎಂಜಿನ್ನಿಗೆ ಗಾಳಿ ತುಂಬಬೇಕು, ಆಮೇಲೆ ಬಲ. “ಟರ್ಬೊ ಹೈ ಭಾಭಿ, ಥೋಡಾ ರುಕ್‌ನಾ ಪಡ್ತಾ ಹೈ.” ಸ್ವಲ್ಪ ಕಾಯಬೇಕು ಎಂಬ ಈ ಮಾತು ಭಾವನ ತಲೆಗೆ ಹತ್ತಲಿಲ್ಲ. ಅಕ್ಕ ಮಾತ್ರ ನಕ್ಕುಬಿಟ್ಟಳು.

“ಇದು ನಮ್ಮ ಮಾವನ ಹಾಗೆಯೇ ಉಂಟಲ್ಲ! ಊಟಕ್ಕೆ ಕರೆದ್ರೆ ಕೂಡ್ಲೇ ಏಳುದಿಲ್ಲ. ಏಳ್ಲಿಲ್ಲ ಅಂತ ಮತ್ತೆ ಮತ್ತೆ ಕರೆದ್ರೆ ಸಿಟ್ಟಲ್ಲಿ ಎದ್ದು ಬಂದು ನೀರಿನ ಚೊಂಬು ಉರುಳಿಸ್ತಾರೆ. ಬಡಿಸುವ ಮೊದ್ಲೇ ಒಂದ್ಸಲ ಮೆತ್ತಗೆ ಕರೀಬೇಕು. ಮತ್ತೆ ಸುಮ್ನೆ ನಿಲ್ಬೇಕು.”

ಮಾವ ಅಂದರೆ ಭಾವನ ಅಪ್ಪ. ಭಾವ ನಗಲಿಲ್ಲ. ಆದರೆ ಡ್ರೈವಿಂಗ್ ಕಲಿತ ಅಕ್ಕನ ಕೈಗೆ ಕೀಲಿ ಬಂದದ್ದು ಹೀಗೆ.

ಬಂದ ಮೇಲೆ ನೋಡಬೇಕಿತ್ತು ಅವಳ ಉಪಚಾರ! ಗುರಿ ಮುಟ್ಟಿದೊಡನೆ ಎಂಜಿನ್ ಆರಿಸುವ ಹಾಗಿಲ್ಲ. ಟಿಟ್ವಾಳಾದ ಗಣಪತಿ ಗುಡಿಗೆ ಹೋದಾಗ ಒಳಗೆ ಮಂಗಳಾರತಿಯ ಗಂಟೆ ಮೊಳಗುತ್ತಿದೆ, ಇವಳು ಗುರ್‍ರೆನ್ನುವ ವ್ಯಾನಿನಲ್ಲಿ ಕೈಕಟ್ಟಿ ಕೂತಿದ್ದಾಳೆ. ಅವಳ ಮಗಳು “ಆಯಿ, ಚಲ್ ನಾ” ಎಂದು ಅಮ್ಮನನ್ನು ಒಳಗೆ ಕರೆಯುತ್ತ ಸೆರಗು ಎಳೆದಳು. ಅಕ್ಕ ಅಲುಗಲಿಲ್ಲ. ಓಡಿ ಬಂದವನ ಬಾಯಿ ಯಾರಾದರೂ ಮುಚ್ಚುತ್ತಾರೆಯೇ, ಮೊದಲು ಅದು ಉಸಿರು ಬಿಡಲಿ ಎಂಬುದು ಅವಳ ವಾದ. ನಮಗೆ ಸಿಕ್ಕಿದ್ದು ಕರ್ಪೂರದ ಹೊಗೆ ಮಾತ್ರ.

ಇನ್ನೊಂದು ಹುಚ್ಚು ಕೇಳಿ. ಸಾಂಬಾರಿನ ಪಾತ್ರೆಯ ಬಾಯಿಗೆ ಎಲ್ಲರೂ ಬಟ್ಟೆ ಬಿಗಿಯುತ್ತಾರೆ. ಅಕ್ಕ ಬಿಗಿಯಳು. ಬಾಯಿ ಕಟ್ಟಿದ ಸಾಂಬಾರು ತನ್ನ ಬೆವರು ತಾನೇ ಕುಡಿದು ಕೆಡುತ್ತದಂತೆ! ಮೇಲೊಂದು ಬಾಳೆ ಎಲೆ, ಅಷ್ಟೇ. ಅಂಥ ಪಾತ್ರೆ ಇಟ್ಟುಕೊಂಡು ಮುಂಬ್ರಾ ಬೈಪಾಸ್ ಹತ್ತುವುದೆಂದರೆ ಏನು ಸಾಮಾನ್ಯವೇ? ಲಾರಿಗಳು ಏದುಸಿರು ಬಿಡುವ ಆ ಏರಿಗೆ ಮೊದಲೇ ಅಕ್ಕ ಗೇರು ಇಳಿಸುತ್ತಿದ್ದಳು. ಪಾದವನ್ನು ಹಸುಗೂಸಿನ ಬೆನ್ನ ಮೇಲಿಟ್ಟ ಹಾಗೆ ಇಡುತ್ತಿದ್ದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಸಣ್ಣ ಸಿಳ್ಳೆಯ ಸದ್ದು, ಮತ್ತು ವ್ಯಾನು ಯಾರೋ ಮೇಲಿಂದ ಎತ್ತಿಕೊಂಡಂತೆ ಏರುತ್ತಿತ್ತು. ಹಿಂದೆ ಕೂತ ನಾನು ಬಾಳೆ ಎಲೆ ಸರಿಸಿ ನೋಡುತ್ತಿದ್ದೆ. ಸಾಂಬಾರು ಅಂಚಿನಲ್ಲಿ ಬರೀ ನಡುಗುತ್ತಿತ್ತು, ಅಷ್ಟೇ. ಅಂಥದ್ದನ್ನು ದಿನವೂ ನೋಡುವ ಭಾಗ್ಯ ನನ್ನದು!

ನೋಡಿ ಸುಮ್ಮನಿದ್ದೆನೇ? ಒಂದು ಬೆಳಿಗ್ಗೆ ನಾನೂ ಓಡಿಸುತ್ತೇನೆಂದು ಹಟ ಹಿಡಿದೆ. ನನಗೂ ಲೈಸೆನ್ಸ್ ಇತ್ತು, ಬುದ್ಧಿ ಇರಲಿಲ್ಲ. ಅಕ್ಕ ಪಕ್ಕಕ್ಕೆ ಸರಿದು ಕೂತಳು. ಬೈಪಾಸಿನ ಏರಿನಲ್ಲಿ ಒತ್ತಿದೆ, ಇಲ್ಲ. ಹಿಂದಿನ ಲಾರಿಯವನು ಹಾರ್ನ್ ಬಾರಿಸಿದ. ಪೂರ್ತಿ ತುಳಿದೆ. “ಕರೆದಾಯ್ತಲ್ಲ, ಇನ್ನು ಬಿಡು ಮಾರಾಯ” ಎಂದು ಅಕ್ಕ ಹೇಳುವಷ್ಟರಲ್ಲಿ ಮಾವ ಎದ್ದರು! ವ್ಯಾನು ಜಿಗಿಯಿತು, ಹೆದರಿ ಬ್ರೇಕ್ ಒತ್ತಿದೆ, ಪಾತ್ರೆ ಮಗುಚಿತು. ನನ್ನ ಕತ್ತಿನ ಮೇಲೊಂದು ನುಗ್ಗೆಕಾಯಿ ಬಂದು ಕೂತಿತು.

ಕ್ಯಾಂಟೀನಿನ ಮ್ಯಾನೇಜರ್ ಖಾಲಿ ಪಾತ್ರೆ ನೋಡಿ, ದಿನದಂತೆ ಅಕ್ಕನೇ ಓಡಿಸಿದ್ದಾಳೆಂದುಕೊಂಡು, ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ಟರೆ ಇನ್ನೇನಾಗುತ್ತದೆ ಎಂದು ನಕ್ಕ. ಭಾವನಿಗೂ ಫೋನಿನಲ್ಲಿ ಅದನ್ನೇ ಹೇಳಿದ. ನಾನು ನುಗ್ಗೆಕಾಯಿ ಒರೆಸಿಕೊಳ್ಳುತ್ತ ನಿಂತೆ. ಇನ್ನೊಂದು ತಪ್ಪು ಮಾಡಿದರೆ ಊರಿಗೆ ಕಳಿಸುತ್ತೇನೆಂದು ಭಾವ ಮೊದಲೇ ನನ್ನನ್ನು ಎಚ್ಚರಿಸಿದ್ದರು. ಅಕ್ಕನಿಗೂ ಅದು ಗೊತ್ತಿತ್ತು.

ಅಂದು ಭಾವ ಕೀಲಿ ಕಿತ್ತು ನನ್ನ ಕೈಗಿಟ್ಟಾಗ ಅಕ್ಕ ನನ್ನನ್ನು ನೋಡಿ, “ಹೇಳುದಿದ್ರೆ ಹೇಳು ತಮ್ಮ” ಎಂದಳು. ಅಷ್ಟೇ. ಆಮೇಲೆ ಆ ಮಾತು ಎತ್ತಲೇ ಇಲ್ಲ. ಒಂದು ಸಲ ಮೆತ್ತಗೆ ಕರೆದಿದ್ದಳು. ಸುಮ್ಮನೆ ನಿಂತಿದ್ದಳು. ಆದರೆ ನಾನು ಎಂಥ ಎಂಜಿನ್ನು ನೋಡಿ! ಇಡೀ ಮಳೆಗಾಲ ಕಳೆದರೂ ಏಳಲಿಲ್ಲ.

ನಾನು ಬಟ್ಟೆ ಬಿಗಿದ ಪಾತ್ರೆ ಒಯ್ಯತೊಡಗಿದೆ. ಬೆಳಿಗ್ಗೆ ಕೆಳಗೆ ವ್ಯಾನು ಶುರುಮಾಡಿ, ಮರೆತ ಸೌಟು ತರಲು ಮೇಲೆ ಓಡಿದಾಗೊಮ್ಮೆ ಕಂಡೆ: ಅಕ್ಕ ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಾಳೆ, ಕಿವಿ ಕಿಟಕಿಯ ಕಡೆಗಿದೆ, ಬಲಪಾದದ ಬೆರಳುಗಳು ನೆಲವನ್ನು ಮೆಲ್ಲಗೆ, ಬಹಳ ಮೆಲ್ಲಗೆ ಒತ್ತುತ್ತಿವೆ.

ಮೊನ್ನೆ ಕ್ಯಾಂಟೀನಿನಿಂದ ಸಾಂಬಾರು ಕೆಡುತ್ತಿದೆ ಎಂದು ದೂರು ಬಂತು. ಮೂವರೂ ಹೋದೆವು. ಮ್ಯಾನೇಜರ್ ವ್ಯಾನಿನ ಬಳಿಗೇ ಬಂದು, ಮುಖ ಹುಳ್ಳಗೆ ಮಾಡಿ, ಅಕ್ಕನ ಕಡೆ ಕೈತೋರಿ, ರಸ್ತೆಗೆ ಚೆಲ್ಲಿದರೂ ಈ ತಾಯಿ ತರುತ್ತಿದ್ದ ಸಾಂಬಾರೇ ವಾಸಿಯಾಗಿತ್ತು ಎಂದ. ಭಾವ ನಕ್ಕರು. ಅಕ್ಕ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು.

ನಾನಿನ್ನೂ ಎಂಜಿನ್ ಆರಿಸಿರಲಿಲ್ಲ. ಅದು ಉಸಿರು ಬಿಡುವವರೆಗೆ ಕೂತೆ. ಆಮೇಲೆ ಆರಿಸಿ ಇಳಿದು ಬಂದು ಎಲ್ಲರೆದುರು ಕೀಲಿಯನ್ನು ಅಕ್ಕನ ಕೈಯಲ್ಲಿಟ್ಟೆ.

“ಭಾವ, ಅವತ್ತು ಸಾಂಬಾರು ಚೆಲ್ಲಿದ್ದು ನಾನು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ತಪ್ಪಾಯ್ತು ಅಕ್ಕ. ನೀನು ಕರೆದದ್ದು ಕೇಳಿತ್ತು. ಏಳ್ಲಿಕ್ಕೆ ತಡ ಆಯ್ತು.”